ರೇಡಿಯೋ ಪಾರ್ಕಿನ ಇಬ್ಬರು

ಕಡೂರಿನ ರೇಡಿಯೋ ಪಾರ್ಕಿಗೆ ಸರ್ಕಾರಿ ಹೆಸರು ಬೇರೆ ಇತ್ತು. ಗೇಟಿನ ಪಕ್ಕದ ಕಲ್ಲಿನಲ್ಲಿ ಅದನ್ನು ಕೆತ್ತಿಸಿಯೂ ಇದ್ದರು. ಆದರೆ ಆ ಕಲ್ಲಿನ ಮೇಲೆ ಕಾಗದದ ಹೂವಿನ ಬಳ್ಳಿ ಹಬ್ಬಿ ವರ್ಷಗಳಾಗಿದ್ದವು. ಮುಳ್ಳು ಚುಚ್ಚಿಸಿಕೊಂಡು ಬಳ್ಳಿ ಸರಿಸಿ ಓದುವಷ್ಟು ಪುರುಸೊತ್ತು ಊರಿನಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೂ ಹಿಂದೆ ಅದು ದೊಡ್ಡಿಯಾಗಿತ್ತು. ಹೊಲ ಮೇಯ್ದ ತುಡುಗು ದನಗಳನ್ನು ಹಿಡಿದು ತಂದು ಕೂಡುವ ಜಾಗ. ಯಾವ ಕಾಲದಲ್ಲೋ ಒಬ್ಬ ಅಮಲ್ದಾರರು ಬಂಗಲೆಯ ಕಿಟಕಿ ತೆಗೆದರೆ ಸಗಣಿ ವಾಸನೆ ಬರುತ್ತದೆಂದು ಬೇಸತ್ತು, ದೊಡ್ಡಿಯನ್ನು ಊರಾಚೆಗೆ ಸಾಗಿಸಿ, ಅಲ್ಲಿ ಹೊಂಗೆ, ಬೇವು, ಕೆಂಪು ಹೂ ಬಿಡುವ ಕತ್ತಿಕಾಯಿ ಗಿಡಗಳನ್ನು ನೆಡಿಸಿದರಂತೆ. ಗೊಬ್ಬರ ಕುಡಿದ ನೆಲ, ಗಿಡಗಳು ನೋಡನೋಡುತ್ತ ಮರಗಳಾದವು. ಊರಿಗೆ ಪಾರ್ಕು ಬಂದದ್ದು ಅಮಲ್ದಾರರ ಮೂಗಿನ ದೆಸೆಯಿಂದ ಎಂದು ಹನುಮಂತಯ್ಯ ಹೇಳಿ ನಗುತ್ತಿದ್ದ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನಿಗೆ ಆ ದೊಡ್ಡಿಯ ಕತೆಯ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

ಆಮೇಲೆ ಪುರಸಭೆಯವರು ಪಾರ್ಕಿನ ನಡುವೆ ಒಂದು ಪುಟ್ಟ ಮಂಟಪ ಕಟ್ಟಿಸಿ, ಅದರೊಳಗೆ ಬೀಗ ಹಾಕುವ ಪೆಟ್ಟಿಗೆಯಲ್ಲಿ ರೇಡಿಯೋ ಇಡಿಸಿದರು. ಮಂಟಪದ ನೆತ್ತಿಯ ಮೇಲೆ ಹಿತ್ತಾಳೆ ಹೂವಿನಂಥ ಧ್ವನಿವರ್ಧಕಗಳು. ಸಂಜೆ ಮಾಲಿ ಲಕ್ಕಣ್ಣ ಸೊಂಟದಿಂದ ಬೀಗದ ಕೈ ತೆಗೆದನೆಂದರೆ ಊರೇ ಅತ್ತ ತಿರುಗುತ್ತಿತ್ತು. ಭದ್ರಾವತಿ ಕೇಂದ್ರದಿಂದ ರೈತರ ಕಾರ್ಯಕ್ರಮ, ವಾರ್ತೆ, ಒಂದಿಷ್ಟು ಹಾಡು. ಮನೆಯಲ್ಲಿ ದೀಪವಿಲ್ಲದ ಹುಡುಗರು ಪಾರ್ಕಿನ ಲೈಟುಕಂಬದ ಕೆಳಗೆ ಪರೀಕ್ಷೆಗೆ ಓದುತ್ತಿದ್ದರು. ಮಗುವಿನ ಹಠ ಬಿಡಿಸಲು ತಾಯಂದಿರು ಬರುತ್ತಿದ್ದರು. ಹುಡುಗಿಯನ್ನು ಮನೆಗೆ ಬಂದು ನೋಡಿ ಬೇಡವೆಂದರೆ ಮರ್ಯಾದೆ ಹೋಗುತ್ತದೆಂದು ಕೆಲವರು ಮೊದಲು ಪಾರ್ಕಿನಲ್ಲಿ ಒಂದು ಸುತ್ತು ಹಾಕಿಸಿ ತೋರಿಸಿಬಿಡುತ್ತಿದ್ದರು. ರೈಲು ತಪ್ಪಿಸಿಕೊಂಡ ಯಗಟಿ ಕಡೆಯ ಕುರಿ ವ್ಯಾಪಾರಿಗಳು ಕಂಬಳಿ ಹಾಸಿ ಉಸಿರು ಬಿಡುತ್ತಿದ್ದರು.

ಗೇಟಿನಲ್ಲಿ ಒಂದು ಬೋರ್ಡಿತ್ತು. ಹೂ ಕೀಳಬಾರದು, ಉಗುಳಬಾರದು, ಹುಲ್ಲಿನ ಮೇಲೆ ಮಲಗಬಾರದು, ಸೈಕಲ್ಲು ತರಬಾರದು. ಹೀಗೆ ಉದ್ದಕ್ಕೂ ಬಾರದು ಬಾರದು ಎಂದೇ ಇತ್ತು. ಆದರೆ ಯಾರು ಯಾವ ಬೆಂಚಿನ ಮೇಲೆ ಕೂರಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಹನುಮಂತಯ್ಯ ಮೊದಲ ಸಲ ಬಂದಾಗ ಆ ಬೋರ್ಡನ್ನು ಕೊನೆಯವರೆಗೂ ಓದಿ, ಹಿಂದೆ ಏನಾದರೂ ಬರೆದಿದ್ದಾರೋ ಏನೋ ಎಂದು ಸುತ್ತಿಕೊಂಡು ಹೋಗಿಯೂ ನೋಡಿದ್ದ. ಆ ಊರಿನ ಎಷ್ಟೋ ದೊಡ್ಡ ಮನೆಗಳ ಕೊಟ್ಟಿಗೆ ಅವನಿಗೆ ಗೊತ್ತಿತ್ತು. ಕರು ಅಡ್ಡ ಸಿಕ್ಕಿಕೊಂಡಿತೆಂದರೆ ಹಿತ್ತಿಲ ಬಾಗಿಲಿನಿಂದ ಅವನನ್ನು ಓಡಿಸಿಕೊಂಡು ಹೋಗುತ್ತಿದ್ದರು. ಅದೇ ಮನೆಗಳ ಮುಂಬಾಗಿಲನ್ನು ಅವನು ಬೀದಿಯಲ್ಲಿ ನಿಂತು ನೋಡಿದ್ದಷ್ಟೇ. ಹೋಟೆಲಿನಲ್ಲಿ ಅವನ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದ ಕಾಲವನ್ನೂ ಅವನು ಕಂಡಿದ್ದ. ಪಾರ್ಕಿನ ಬೆಂಚು ಮಾತ್ರ ಕೂತವನನ್ನು ನೀನು ಯಾರು ಎಂದು ಕೇಳಲಿಲ್ಲ. ಅದಕ್ಕೇ ಅವನು ಮತ್ತೆ ಮತ್ತೆ ಬಂದ.

ಪಂಚಾಕ್ಷರಪ್ಪ ಸಿಕ್ಕಿದ್ದು ಬಾಂಗ್ಲಾ ಯುದ್ಧದ ದಿನಗಳಲ್ಲಿ. ಅವನು ಪಂಚನಹಳ್ಳಿ ಕಡೆಯಿಂದ ಬಂದು ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಲಿಂಗಾಯತರವನು. ಹಣೆ ತುಂಬ ವಿಭೂತಿ, ಬಗಲಲ್ಲಿ ಕೊಡೆ, ದಪ್ಪ ದೇಹ. ಅವತ್ತು ವಾರ್ತೆ ಕೇಳಲು ಪಾರ್ಕಿನಲ್ಲಿ ಜಾತ್ರೆಯಷ್ಟು ಜನ. ಏದುಸಿರು ಬಿಡುತ್ತ ಬಂದ ಪಂಚಾಕ್ಷರಪ್ಪ ಬೆಂಚಿನ ಹತ್ತಿರ ನಿಂತು, “ವಸಿ ಸರಕೊಳ್ರೀ” ಎಂದು ಹನುಮಂತಯ್ಯನ ಪಕ್ಕದಲ್ಲಿ ಕೂತುಬಿಟ್ಟ. ವಾರ್ತೆ ಮುಗಿದ ಮೇಲೆ ಕಡಲೆಕಾಯಿ ಪೊಟ್ಟಣ ಬಿಚ್ಚಿ, ಕಾಗದವನ್ನು ಇಬ್ಬರ ನಡುವೆ ಹರಡಿ, “ತಗಳಿ” ಅಂದ.

ಹನುಮಂತಯ್ಯ ಕೈ ಚಾಚಲಿಲ್ಲ.

“ಅಲ್ಲಿ ಯುದ್ಧ ನಡೀತೈತೆ, ನೀವಿಲ್ಲಿ ಕಡ್ಲೇಕಾಯಿ ತಿನ್ನಕ್ಕೂ ಯೋಚ್ನೆ ಮಾಡ್ತೀರಲ್ಲ” ಎಂದು ಪಂಚಾಕ್ಷರಪ್ಪ ನಕ್ಕ. ಹನುಮಂತಯ್ಯ ಒಂದು ಕಾಯಿ ತೆಗೆದುಕೊಂಡ.

ಮಾರನೇ ದಿನದ ಹೊತ್ತಿಗೆ ತಾನು ಯಾವ ಕೇರಿಯವನೆಂದು ಯಾರಾದರೂ ಅವನ ಕಿವಿಗೆ ಹಾಕಿರುತ್ತಾರೆ, ಇವತ್ತು ಬೇರೆ ಬೆಂಚು ನೋಡಿಕೊಳ್ಳುತ್ತಾನೆ ಎಂದು ಹನುಮಂತಯ್ಯ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಪಂಚಾಕ್ಷರಪ್ಪ ನೇರ ಅದೇ ಬೆಂಚಿಗೆ ಬಂದ. ಕೂತವನೇ, “ನಿನ್ನೇನೇ ಹೇಳ್ಬಾರ್ದೇನ್ರೀ?” ಅಂದ.

“ಏನ್ ಹೇಳ್ಬೇಕಿತ್ತು?” ಹನುಮಂತಯ್ಯ ಬೆಂಚಿನ ತುದಿಗೆ ಸರಿದ.

“ದನದ ಆಸ್ಪತ್ರೇಲಿ ಕೆಲ್ಸ ಅಂತ. ನಮ್ಮನೆ ಎಮ್ಮೆ ಮೇವು ಮುಟ್ದೆ ಬಿದ್ಕೊಂಡೈತೆ ಕಣ್ರೀ.”

ಹನುಮಂತಯ್ಯ ನಕ್ಕುಬಿಟ್ಟ. ಎಮ್ಮೆಯ ಹೊಟ್ಟೆ, ಸಗಣಿ, ಮೂಗು ಎಲ್ಲ ವಿಚಾರಿಸಿ ಏನು ಕೊಡಬೇಕೆಂದು ಹೇಳಿದ. “ಬಂದು ನೋಡ್ಲಾ?” ಎಂದೂ ಕೇಳಿದ. ಪಂಚಾಕ್ಷರಪ್ಪ ಕೊಡೆಯ ಹಿಡಿ ತಿರುವುತ್ತ, “ಬ್ಯಾಡ ಬಿಡಿ, ನಿಮಗ್ಯಾಕೆ ತೊಂದ್ರೆ” ಅಂದ. ಪಕ್ಕದಲ್ಲಿ ಕೂತು ಕಡಲೆಕಾಯಿ ತಿಂದವನನ್ನು ಹಿತ್ತಿಲ ಬಾಗಿಲಿನಿಂದ ಕರೆಯಲು ಅವನಿಗೆ ಮನಸ್ಸು ಬರಲಿಲ್ಲ, ಮುಂಬಾಗಿಲಿನಿಂದ ಕರೆಯಲು ಧೈರ್ಯ ಬರಲಿಲ್ಲ. ಹನುಮಂತಯ್ಯನಿಗೆ ಅದು ಆಗಲೇ ಅರ್ಥವಾಗಿತ್ತು. ಮೊದಲ ಅರ್ಧ ಅವನಿಗೆ ಎಷ್ಟು ಹಿತವಾಯಿತೆಂದರೆ ಉಳಿದರ್ಧವನ್ನು ಅವನು ಮರೆತುಬಿಟ್ಟ.

ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದೇ ಬೆಂಚು, ಅದೇ ಇಬ್ಬರು, ನಡುವೆ ಒಂದು ಕಾಗದ. ಒಬ್ಬ “ಕಾಂಪೌಂಡ್ರೇ” ಎನ್ನುವುದು, ಇನ್ನೊಬ್ಬ “ಸಾವ್ಕಾರ್ರೇ” ಎನ್ನುವುದು. ಪಂಚಾಕ್ಷರಪ್ಪ ದೇಶದ ಸಮಾಚಾರಕ್ಕೆಲ್ಲ ತಲೆ ಕೆಡಿಸಿಕೊಳ್ಳುವವನು. ಹನುಮಂತಯ್ಯ ಎರಡು ಮಾತಿನಲ್ಲಿ ಅದನ್ನು ನೆಲಕ್ಕಿಳಿಸುವವನು. ಒಮ್ಮೆ ಪುರಸಭೆಯ ಅಧ್ಯಕ್ಷರು ಮಂಟಪದಲ್ಲಿ ನಿಂತು ಊರನ್ನು ಮೈಸೂರು ಮಾಡುತ್ತೇನೆಂದು ಭಾಷಣ ಬಿಗಿದಾಗ, “ಮೊದ್ಲು ಆ ನಲ್ಲಿ ರಿಪೇರಿ ಮಾಡ್ಸಲಿ” ಎಂದು ಹನುಮಂತಯ್ಯ ಗೊಣಗಿದ್ದಕ್ಕೆ ಪಂಚಾಕ್ಷರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಸುತ್ತಲಿನವರಿಂದ ಬೈಸಿಕೊಂಡಿದ್ದ.

ಗೇಟು ದಾಟಿದರೆ ಮಾತ್ರ ಆಟ ಮುಗಿದಂತೆ. ಪೇಟೆಯಲ್ಲಿ ಮಂಡಿಯ ಮುಂದೆ ಹಾದುಹೋದರೆ ಪಂಚಾಕ್ಷರಪ್ಪ ಗಾದಿಯ ಮೇಲಿಂದ ತಲೆ ಆಡಿಸುತ್ತಿದ್ದ, ಹನುಮಂತಯ್ಯನೂ ತಲೆ ಆಡಿಸಿ ಮುಂದೆ ಹೋಗುತ್ತಿದ್ದ. ಬನ್ನಿ ಎಂದು ಅವನೂ ಅನ್ನಲಿಲ್ಲ, ಇವನೂ ಅನ್ನಲಿಲ್ಲ. ಹನುಮಂತಯ್ಯನ ಹೆಂಡತಿ ಹನುಮಂತಮ್ಮ ಮಾತ್ರ ಬಿಡುತ್ತಿರಲಿಲ್ಲ. “ನಿಮ್ಮ ಪಾರ್ಕಿನ ಸಾವ್ಕಾರ್ರು ಒಂದಿನ ನಮ್ಮನೆ ಕಡೆ ತಲೆ ಹಾಕಲ್ವಾ?” ಎಂದು ಛೇಡಿಸುತ್ತಿದ್ದಳು. ಬೀರೂರು ಸಂತೆಯಲ್ಲಿ ಕೆಂಪಂಚಿನ ಹೊಸ ಚಾಪೆಯೊಂದನ್ನು ತಂದು, “ಬಂದ್ರೆ ಹಾಸಕ್ಕೆ ಇರ್ಲಿ” ಎಂದು ಅಟ್ಟದ ಮೇಲೆ ಸುತ್ತಿಟ್ಟಿದ್ದಳು. ಅಜ್ಜಂಪುರಕ್ಕೆ ಕೊಟ್ಟಿದ್ದ ಮಗಳು ಮಾರಮ್ಮ ಬಾಣಂತನಕ್ಕೆ ಬಂದಾಗಲೂ ಅದನ್ನು ಕೆಳಗಿಳಿಸಲು ಬಿಡಲಿಲ್ಲ. ಅವಳ ಈ ಹುಚ್ಚಿಗೆ ಹನುಮಂತಯ್ಯ ಬೈಯುತ್ತಿದ್ದ. ಆದರೆ ಒಳಗೊಳಗೇ ಅವನಿಗೂ ಅದೇ ಆಸೆ.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಹನುಮಂತಮ್ಮ ಕಾಮಾಲೆಯಾಗಿ ತೀರಿಕೊಂಡಳು. ಮೊದಮೊದಲು ಬರೀ ಸುಸ್ತು ಅಂದಳು. ನಾಟಿ ಔಷಧಿ ಆಯಿತು, ದೊಡ್ಡಾಸ್ಪತ್ರೆ ಆಯಿತು. ಕಡೆಗೆ ಕಣ್ಣು ಅರಿಸಿನದ ಹಾಗೆ ಆಗಿ, ಒಂದು ಬೆಳಗಿನ ಜಾವ ಗಂಡನ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು. ಊರಿಗೆಲ್ಲ ದನ ಕರು ಉಳಿಸಿಕೊಟ್ಟವನಿಗೆ ತನ್ನ ಹೆಂಡತಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಆ ಸೀಮೆಯಲ್ಲಿ ಎಲ್ಲ ಜಾತಿಯವರಿಗೂ ಇರುವ ಪದ್ಧತಿ. ಮದುವೆಗಾದರೆ ಕರೆಯಬೇಕು, ಕರೆಯಲಿಲ್ಲವೆಂದು ಮುನಿಸಿಕೊಳ್ಳಲೂ ಬಹುದು. ಸಾವಿಗೆ ಯಾರೂ ಕರೆಯುವುದಿಲ್ಲ. ಕೇಳಿದವರು ತಾವಾಗಿ ಹೋಗಬೇಕು, ಹಾಸಿದ ಚಾಪೆಯ ಮೇಲೆ ಕೂರಬೇಕು, ಏನಾಗಿತ್ತು, ಯಾವಾಗಿಂದ, ಕೊನೆಗೆ ಏನಂದರು ಎಂದು ಕೇಳಬೇಕು. ಹೇಳುವವನು ಹತ್ತು ಜನಕ್ಕೆ ಹೇಳಿದ್ದನ್ನೇ ಹನ್ನೊಂದನೆಯವನಿಗೂ ಹೇಳಬೇಕು. ಹೇಳಿ ಹೇಳಿ ಆ ಸಾವು ಸ್ವಲ್ಪ ಸ್ವಲ್ಪವೇ ಎದೆಯಿಂದ ಇಳಿಯುತ್ತದೆ. ಆಮೇಲೆ ಬಂದವರು ಎದ್ದು ಹೊರಟುಬಿಡಬೇಕು. ಬೇರೆ ಮನೆಯಿಂದ ಹೊರಡುವಾಗ ಹೇಳುವಂತೆ ಬತ್ತೀನಿ ಎಂದು ಹೇಳಬಾರದು. ಅಂಥ ಮನೆಗೆ ಮತ್ತೆ ಅದೇ ಕೆಲಸಕ್ಕೆ ಬರುವಂತಾಗಬಾರದಲ್ಲ.

ಹನುಮಂತಯ್ಯ ಅಟ್ಟದ ಮೇಲಿನ ಕೆಂಪಂಚಿನ ಚಾಪೆ ಇಳಿಸಿ ನಡುಮನೆಯಲ್ಲಿ ಹಾಸಿದ. ಕೇರಿಯವರು ಬಂದರು. ದನದ ಆಸ್ಪತ್ರೆಯ ಡಾಕ್ಟರು ಬಂದರು. ಗೋಡೆ ಜಾಗಕ್ಕಾಗಿ ಅವನೊಡನೆ ಕೋರ್ಟು ಹತ್ತಿದ್ದ ದಾಯಾದಿ ಅಂಜಿನಪ್ಪನೂ ಬಂದು, ಚಾಪೆಯ ಮೇಲೆ ಕೂತು, ಕಣ್ಣೊರೆಸಿಕೊಂಡು ಹೋದ. ತರೀಕೆರೆಯಿಂದ, ಅಜ್ಜಂಪುರದಿಂದ ಬಸ್ಸು ಹತ್ತಿ ಬಂದರು. ಹನುಮಂತಯ್ಯ ಎಲ್ಲರಿಗೂ ಕತೆ ಹೇಳಿದ. ಆದರೆ ನಿಜವಾಗಿ ಹೇಳಬೇಕಾದದ್ದನ್ನು ಅವನು ಒಬ್ಬನಿಗಾಗಿ ಎತ್ತಿಟ್ಟುಕೊಂಡಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಕೊಡೆ ಕಾಣುತ್ತದೋ ಎಂದು ಕತ್ತೆತ್ತಿ ನೋಡುತ್ತಿದ್ದ. ಇಷ್ಟು ವರ್ಷ ಕರೆಯದಿದ್ದದ್ದಕ್ಕೆ ಇಬ್ಬರಿಗೂ ನೆಪವಿತ್ತು. ಈಗ ಕರೆಯುವ ಪ್ರಮೇಯವೇ ಇರಲಿಲ್ಲ. ಬರುವವನು ಸುಮ್ಮನೆ ಬರಬಹುದಿತ್ತು.

ತಿಥಿಯ ಹಿಂದಿನ ದಿನ ಮಂಡಿಯ ಹಮಾಲಿ ಒಂದು ತಳ್ಳುಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಒಂದು ಚೀಲ ತೆಂಗಿನಕಾಯಿ, ಅಕ್ಕಿ, ಬೆಲ್ಲದ ಅಚ್ಚುಗಳು. “ಸಾವ್ಕಾರ್ರು ಕೊಟ್ ಬಾ ಅಂದ್ರು. ಕಾರ್ಯಕ್ಕೆ ಆಯ್ತದಂತೆ” ಅಂದ.

“ಅವ್ರು ಎಲ್ಲಿ?”

“ಮಂಡೀಲವ್ರೆ.”

ಹನುಮಂತಯ್ಯ ಗಾಡಿಯನ್ನೇ ನೋಡುತ್ತ ನಿಂತ. ಆಮೇಲೆ, “ವಾಪಸ್ ತಗಂಡೋಗಪ್ಪಾ. ತೆಂಗಿನಕಾಯಿ ಮಾತಾಡ್ಸಲ್ಲ ಅಂತ ನಿಮ್ ಸಾವ್ಕಾರ್ರಿಗೆ ಹೇಳು” ಅಂದ. ಮಗಳು ಮಾರಮ್ಮ ಒಳಗಿನಿಂದ, “ಅಪ್ಪಯ್ಯ, ಬಂದಿದ್ನ ಕಳಿಸ್ಬಾರ್ದು” ಎಂದರೂ ಕೇಳಲಿಲ್ಲ. ಹಮಾಲಿ ಗಾಡಿ ತಿರುಗಿಸಿಕೊಂಡು ಹೋದ.

ತಿಂಗಳು ಕಳೆದ ಮೇಲೆ ಅವನು ಪಾರ್ಕಿಗೆ ಹೋದ. ಹೋಗಬಾರದೆಂದೇ ಇದ್ದ. ಆದರೆ ಮಗಳು ಊರಿಗೆ ಹೋಗಿ, ಸಂಜೆಯ ಹೊತ್ತು ಮನೆ ಬಿಕೋ ಎನ್ನತೊಡಗಿತ್ತು. ಪಂಚಾಕ್ಷರಪ್ಪ ಅದೇ ಬೆಂಚಿನಲ್ಲಿ ಕೂತಿದ್ದ. ಕಡಲೆಕಾಯಿ ಕಾಗದ ಹರಡಿತ್ತು, ಒಂದನ್ನೂ ಬಿಡಿಸಿರಲಿಲ್ಲ. ಇವನನ್ನು ಕಂಡವನೇ ಎದ್ದು ನಿಂತ.

“ಬನ್ನಿ ಕಾಂಪೌಂಡ್ರೇ. ಸುದ್ದಿ ಕೇಳಿ ಬಾಳ ಸಂಕ್ಟ ಆಯ್ತು. ಏನಾಗಿತ್ತು ಅವ್ರಿಗೆ?”

ಎಷ್ಟು ದಿನದಿಂದ ಕಾದಿದ್ದ ಪ್ರಶ್ನೆ! ಉತ್ತರ ಹನುಮಂತಯ್ಯನ ಗಂಟಲಿಗೇ ಬಂದಿತ್ತು. ಆದರೆ ಸುತ್ತಲೂ ಮಕ್ಕಳು ಓಡಾಡುತ್ತಿದ್ದರು. ರೇಡಿಯೋದಲ್ಲಿ ಗೊಬ್ಬರದ ವಿಷಯ ಬರುತ್ತಿತ್ತು. ತನ್ನವಳ ಸಾವನ್ನು ಕಡಲೆಕಾಯಿ ಸಿಪ್ಪೆಯ ಜೊತೆ ಇಲ್ಲಿ ಬಿಡಿಸಬೇಕೇ ಎನಿಸಿ ಅವನಿಗೆ ಮೈಯೆಲ್ಲ ಉರಿಯಿತು.

“ಇದು ಪಾರ್ಕು ಕಣ್ರೀ ಸಾವ್ಕಾರ್ರೇ. ಇಲ್ಲಿ ಯಾರೂ ಸತ್ತಿಲ್ಲ” ಅಂದ.

ಅಂದು, ಮಂಟಪ ಬಳಸಿಕೊಂಡು ಹೋಗಿ, ಆಚೆ ತುದಿಯ ಕತ್ತಿಕಾಯಿ ಮರದ ಕೆಳಗಿನ ಬೆಂಚಿನಲ್ಲಿ ಕೂತ. ಪಂಚಾಕ್ಷರಪ್ಪ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಅವನೂ ಕೂತ.

ಹಾಗೆ ಅವರು ನಾಲ್ಕು ವರ್ಷ ಕೂತರು. ಜಗಳವಾಡಿದವರಾದರೆ ಒಬ್ಬರು ಬರುವುದನ್ನಾದರೂ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಇಬ್ಬರಿಗೂ ಹೋಗಲು ಬೇರೆ ಜಾಗವಿರಲಿಲ್ಲವೆಂದು ಕಾಣುತ್ತದೆ. ಒಂದೇ ರೇಡಿಯೋ, ಒಂದೇ ವಾರ್ತೆ. ನಗುವಂಥದ್ದು ಬಂದರೆ ಹನುಮಂತಯ್ಯನಿಗೆ ಆಚೆ ಬೆಂಚಿನ ಕಡೆ ಕಣ್ಣು ಹೋಗುತ್ತಿತ್ತು, ಹೋದ ಕಣ್ಣನ್ನು ಎಳೆದು ತರುತ್ತಿದ್ದ. ಬಾಯಿಗೆ ಬಂದ ಕುಚೋದ್ಯದ ಮಾತನ್ನು ಹೇಳಲು ಪಕ್ಕದಲ್ಲಿ ಯಾರೂ ಇಲ್ಲದೆ ನುಂಗಿಕೊಳ್ಳುತ್ತಿದ್ದ. ನುಂಗಿ ನುಂಗಿ ಕೊನೆಗೆ ಅಂಥ ಮಾತು ಹುಟ್ಟುವುದೇ ನಿಂತುಹೋಯಿತು. ಮನೆಗೆ ಹೋಗಿ ಹೇಳೋಣವೆಂದರೆ ಅಲ್ಲಿ ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಹೆಂಡತಿಯ ಒಂದು ಫೋಟೋ. ಒಂಟಿತನವೆಂದರೆ ಅನ್ನ ಬೇಯಿಸಿಕೊಳ್ಳುವುದು, ಬಟ್ಟೆ ಒಗೆದುಕೊಳ್ಳುವುದು ಎಂದು ಅವನು ತಿಳಿದಿದ್ದ. ಆ ಕಷ್ಟ ಮೂರೇ ತಿಂಗಳಲ್ಲಿ ಅಭ್ಯಾಸವಾಯಿತು. ನಗಲು ಯಾರೂ ಇಲ್ಲದ್ದು ಅಭ್ಯಾಸವಾಗಲಿಲ್ಲ.

ಒಮ್ಮೆ ಲಕ್ಕಣ್ಣ ಗಿಡಕ್ಕೆ ನೀರು ಹಾಕುತ್ತ ಬಂದು, ತಡೆಯಲಾರದೆ ಹೇಳಿದ: “ಕಾಂಪೌಂಡ್ರೇ, ಸುಮ್ನೆ ಹಟ ಮಾಡ್ತೀರಿ. ನಿಮ್ಮನೆಯೋರು ಹೋದಾಗ ಸಾವ್ಕಾರ್ರು ಬಂದಿದ್ರು. ನಿಮ್ ಕೇರಿ ನೀರಿನ ಟ್ಯಾಂಕ್ ತಾವ ನಿಂತಿದ್ನ ನಾನೇ ಕಂಡೆ. ಬಾಳ ಹೊತ್ತು ನಿಂತಿದ್ದು ಹೊಂಟೋದ್ರು.”

ನೀರಿನ ಟ್ಯಾಂಕು ಇರುವುದು ಕೇರಿಯ ತಿರುವಿನಲ್ಲಿ. ಅಲ್ಲಿಂದ ಹನುಮಂತಯ್ಯನ ಬಾಗಿಲು ಕಾಣುತ್ತದೆ.

“ಕಾಲು ನೋವಿತ್ತೇನೋ ಪಾಪ” ಎಂದ ಹನುಮಂತಯ್ಯ. ಲಕ್ಕಣ್ಣ ಸಮಾಧಾನ ಮಾಡಲೆಂದು ಹೇಳಿದ ಮಾತು ಅವನನ್ನು ಇನ್ನಷ್ಟು ಸುಟ್ಟಿತು. ಮಂಡಿಯಲ್ಲೇ ಕೂತಿದ್ದನೆಂದರೆ ಅಹಂಕಾರ ಎಂದುಕೊಂಡು ಮರೆಯಬಹುದಿತ್ತು. ಬಾಗಿಲು ಕಾಣುವವರೆಗೆ ಬಂದವನು, ಒಳಗೆ ಚಾಪೆ ಹಾಸಿರುವುದು ಗೊತ್ತಿದ್ದವನು, ಅದೇ ಬಾಗಿಲನ್ನು ನೋಡಿ ತಿರುಗಿಕೊಂಡು ಹೋದ. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಹನುಮಂತಯ್ಯನಿಗೆ ತಿಳಿಯಲಿಲ್ಲ.

ಇದರ ನಡುವೆ ಪಾರ್ಕಿಗೂ ವಯಸ್ಸಾಯಿತು. ಮನೆಮನೆಗೂ ಟ್ರಾನ್ಸಿಸ್ಟರ್ ಬಂದು ಜನ ಕಮ್ಮಿಯಾದರು. ಉಳ್ಳವರ ಮನೆಗಳಲ್ಲಿ ಟೇಪ್ ರೆಕಾರ್ಡರುಗಳು ಹಾಡತೊಡಗಿದವು. ಮಂಟಪದ ಧ್ವನಿವರ್ಧಕಗಳಲ್ಲಿ ಒಂದರಲ್ಲಿ ಗುಬ್ಬಿ ಗೂಡು ಕಟ್ಟಿತು. ಕಡೆಗೊಂದು ದಿನ ರೇಡಿಯೋ ಕೆಟ್ಟು, ರಿಪೇರಿಗೆಂದು ಶಿವಮೊಗ್ಗಕ್ಕೆ ಹೋದದ್ದು ಹಿಂದಿರುಗಲಿಲ್ಲ. ಲಕ್ಕಣ್ಣ ಅಭ್ಯಾಸಬಲದಿಂದ ಸಂಜೆ ಬಂದು ಖಾಲಿ ಪೆಟ್ಟಿಗೆಯ ಬೀಗ ತೆಗೆದು, ಧೂಳು ಹೊಡೆದು, ಮತ್ತೆ ಬೀಗ ಹಾಕುತ್ತಿದ್ದ. ರೇಡಿಯೋ ಇಲ್ಲದ ರೇಡಿಯೋ ಪಾರ್ಕಿನಲ್ಲಿ, ಆಚೆ ಒಬ್ಬ, ಈಚೆ ಒಬ್ಬ, ಇಬ್ಬರು ಮುದುಕರು. ಮೊದಲಾದರೆ ವಾರ್ತೆ ಕೇಳಲು ಬಂದಿದ್ದೇನೆ ಎಂದು ಹೇಳಿಕೊಳ್ಳಬಹುದಿತ್ತು. ಈಗ ಯಾಕೆ ಬರುತ್ತಿದ್ದೇನೆಂದು ಹನುಮಂತಯ್ಯ ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಆಚೆ ಬೆಂಚಿನಲ್ಲಿ ಕೂತಿತ್ತು.

ಎಂಬತ್ಮೂರರ ಬೇಸಿಗೆಯಲ್ಲಿ ಆ ಬೆಂಚು ಖಾಲಿಯಾಯಿತು. ಮೊದಲ ದಿನ ಹನುಮಂತಯ್ಯ ನೋಡಲಿಲ್ಲವೆಂಬಂತೆ ಇದ್ದ. ಎರಡನೆಯ ದಿನ ಎರಡು ಸಲ ಗೇಟಿನ ಕಡೆ ನೋಡಿದ. ಲಕ್ಕಣ್ಣನನ್ನು ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ವಾರದ ಮೇಲೆ ಲಕ್ಕಣ್ಣನೇ ಬೆಳಿಗ್ಗೆ ಮನೆಗೆ ಬಂದು ಬಾಗಿಲು ಬಡಿದ.

“ಸಾವ್ಕಾರ್ರು ಹೋಗ್ಬಿಟ್ರು ಕಾಂಪೌಂಡ್ರೇ. ಎದೆನೋವಂತೆ. ಮದ್ಯಾನಕ್ಕೆ ಮಣ್ಣು ಮಾಡ್ತಾರೆ.”

ಲಕ್ಕಣ್ಣ ಹೋದ ಮೇಲೆ ಹನುಮಂತಯ್ಯ ನಡುಮನೆಯಲ್ಲಿ ಕೂತ. ನನ್ನವಳು ಸತ್ತಾಗ ಬಾರದವನ ಮನೆಗೆ ನಾನೇಕೆ ಹೋಗಬೇಕು? ಹೋದರೆ ಅವನ ಮನೆಯವರು ಯಾವ ಬಾಗಿಲಿಗೆ ಬಾ ಎಂದಾರು? ಎದ್ದ, ಕೂತ, ಮತ್ತೆ ಎದ್ದ. ಫೋಟೋದಲ್ಲಿದ್ದ ಹನುಮಂತಮ್ಮ ಛೇಡಿಸುವವಳಂತೆ ನೋಡುತ್ತಿದ್ದಳು. “ನೀನೊಬ್ಳು” ಎಂದು ಅವಳನ್ನು ಬೈದು, ಒಗೆದ ಪಂಚೆ ಉಟ್ಟು, ಹೊರಟ.

ಪೇಟೆಯ ಹಿಂದಿನ ಬೀದಿಯ ಆ ಮನೆಯ ಮುಂದೆ ಜನವೋ ಜನ. ಭಜನೆ ನಡೆಯುತ್ತಿತ್ತು. ಅವರ ಕ್ರಮದಂತೆ ಪಂಚಾಕ್ಷರಪ್ಪನನ್ನು ಸ್ನಾನ ಮಾಡಿಸಿ, ಪೇಟ ಸುತ್ತಿ, ಮೈತುಂಬ ವಿಭೂತಿ ಬಳಿದು, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲವೆಂದು ಹನುಮಂತಯ್ಯನಿಗೆ ಗೊತ್ತಿತ್ತು. ಆದರೂ ಕಂಡೊಡನೆ ಒಂದು ಹೆಜ್ಜೆ ಹಿಂದೆ ಸರಿದ. ಪಂಚಾಕ್ಷರಪ್ಪ ಕೂತಿದ್ದ. ಬೆಂಚಿನಲ್ಲಿ ಕೂರುತ್ತಿದ್ದ ಹಾಗೆಯೇ, ತಲೆ ಒಂಚೂರು ಎಡಕ್ಕೆ ವಾಲಿಸಿ, ಪಕ್ಕದವನ ಮಾತು ಕೇಳಿಸಿಕೊಳ್ಳುವವನಂತೆ. ಎಡಗಡೆಯೇ ಹನುಮಂತಯ್ಯ ಕೂರುತ್ತಿದ್ದ ಜಾಗ.

ಮೆಟ್ಟಿಲ ಕೆಳಗೆ ಅವನು ನಿಂತುಬಿಟ್ಟ. ಯಾರೋ ಒಬ್ಬ ಹುಬ್ಬು ಗಂಟಿಕ್ಕಿ, “ಯಾರಪ್ಪಾ ನೀನು?” ಅಂದ.

“ಪಾರ್ಕಿನೋನು” ಅಂದ ಹನುಮಂತಯ್ಯ.

ಹೆಣದ ಪಕ್ಕದಲ್ಲಿ ಕೂತಿದ್ದ ಹೆಂಗಸು ಸರಕ್ಕನೆ ತಲೆ ಎತ್ತಿದಳು. ಪಂಚಾಕ್ಷರಪ್ಪನ ಹೆಂಡತಿ ಸಾವಿತ್ರಮ್ಮ. ಹನುಮಂತಯ್ಯ ಅವಳನ್ನು ಅದೇ ಮೊದಲು ನೋಡಿದ್ದು. ಅವಳು ಅವನನ್ನು ಒಂದು ಗಳಿಗೆ ನೋಡಿ, “ದಾರಿ ಬಿಡ್ರಪ್ಪಾ. ಅವ್ರು ಮ್ಯಾಲೆ ಬರ್ಲಿ” ಅಂದಳು.

ಹನುಮಂತಯ್ಯ ಮುಂಬಾಗಿಲ ಮೆಟ್ಟಿಲು ಹತ್ತಿದ. ಮುಖ ನೋಡಿದ. ಏನಾದರೂ ಅನ್ನಬೇಕೆನಿಸಿತು. ನೀವು ಸಾಯೋವರೆಗೂ ಸರಕೊಂಡು ಜಾಗ ಬಿಡಲಿಲ್ಲವಲ್ಲ ನಾನು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕೈ ಮುಗಿದು ಇಳಿದು ಬಂದ. ಮಣ್ಣಿಗೂ ಹೋದ, ಹಿಂದೆ ನಿಂತು ಒಂದು ಹಿಡಿ ಹಾಕಿದ.

ಅದಾದ ಮೇಲೆ ಪಾರ್ಕಿನಲ್ಲಿ ಅವನು ಹಳೆಯ ಬೆಂಚಿಗೆ ಬಂದ. ತನ್ನ ಜಾಗದಲ್ಲಿ ಕೂತು ಪಕ್ಕದ ಜಾಗ ಬಿಟ್ಟ. ಕಡಲೆಕಾಯಿ ತರಲಿಲ್ಲ. ಒಬ್ಬನೇ ತಿನ್ನಲು ಅದು ಅವನಿಗೆ ಯಾವತ್ತೂ ಸೇರಿದ್ದಿಲ್ಲ, ಕತ್ತಿಕಾಯಿ ಮರದ ಕೆಳಗೆ ಕೂತಷ್ಟು ಕಾಲವೂ ಬರೀ ಹಟಕ್ಕೆ ತಿಂದಿದ್ದ. ನಾಲ್ಕು ವರ್ಷ ಯಾರ ಮೇಲೆ ಸಿಟ್ಟು ಮಾಡಿಕೊಂಡು ಸಂಜೆ ಕಳೆದನೋ ಅವನೂ ಇಲ್ಲವಾಗಿ, ಆ ಸಿಟ್ಟೂ ಒಂದು ಜೊತೆಯಾಗಿತ್ತೆಂದು ಈಗ ತಿಳಿಯಿತು.

ದೀಪಾವಳಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಹನುಮಂತಯ್ಯ ಊಟ ಮಾಡಿ ತಟ್ಟೆ ತೊಳೆಯುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು. ಕತ್ತೆತ್ತಿ ನೋಡಿದರೆ ಕೊಡೆ.

ಕೊಡೆ ಮಡಿಸಿ ನಿಂತವಳು ಸಾವಿತ್ರಮ್ಮ. ಗಂಡನ ಕೊಡೆಯೇ. ಒಬ್ಬಳೇ ಬಂದಿದ್ದಳು. ಕೇರಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಮಾತಾಡ್ಸ್ಕೊಂಡು ಹೋಗಾಣ ಅಂತ ಬಂದೆ” ಅಂದಳು.

ಹನುಮಂತಯ್ಯನಿಗೆ ಗಾಬರಿಯಾಯಿತು. ತಾನು ಅವಳ ಮನೆಗೆ ಮುಖ ನೋಡಲು ಹೋಗಿದ್ದನೇ ಹೊರತು, ಆಮೇಲೆ ಮಾತಾಡಿಸಲು ಹೋಗಿರಲಿಲ್ಲ. ಅದನ್ನು ನೆನಪಿಸಲು ಬಂದಳೇ? “ತಪ್ಪಾಯ್ತು ತಾಯಿ, ನಾನೇ ಬರ್ಬೇಕಿತ್ತು. ಸಾವ್ಕಾರ್ರಂಥೋರು...” ಎಂದು ಶುರು ಮಾಡಿದ.

ಅವಳು ಬೇಡವೆಂದು ಕೈ ಆಡಿಸಿದಳು. “ನಮ್ಮನೆ ಸಾವಿಗಲ್ಲ ಕಣ್ರೀ. ನಿಮ್ಮನೆಯೋರು ಹೋದ್ರಲ್ಲ. ಅದಕ್ಕೆ ಬಂದೆ.”

ಅವನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅರ್ಥವಾದೊಡನೆ ಒಳಗೆ ಹೋಗಿ, ಅಟ್ಟಕ್ಕೆ ಕೈ ಚಾಚಿ, ಕೆಂಪಂಚಿನ ಚಾಪೆ ಇಳಿಸಿ, ಧೂಳು ಕೊಡವಿ ನಡುಮನೆಯಲ್ಲಿ ಹಾಸಿದ. ಸಾವಿತ್ರಮ್ಮ ಹೊಸ್ತಿಲು ದಾಟಿ ಬಂದು ಅದರ ಮೇಲೆ ಕೂತಳು. ಗೋಡೆಯ ಫೋಟೋ ನೋಡಿದಳು.

“ಇವ್ರೇನಾ?”

“ಊಂ.”

“ಏನಾಗಿತ್ತು?”

ಹನುಮಂತಯ್ಯ ಗೋಡೆಗೆ ಒರಗಿ ಕೂತ. ಮೊದಲು ಬರೀ ಸುಸ್ತು ಅಂದಳು ಎಂದು ಹೇಳತೊಡಗಿದ. ನಾಟಿ ಔಷಧಿಯ ಕತೆ ಹೇಳಿದ, ಆಸ್ಪತ್ರೆಯ ಕತೆ ಹೇಳಿದ. ಅವಳು ನಡುನಡುವೆ ಕೇಳಬೇಕಾದದ್ದನ್ನು ಕೇಳಿದಳು. ಅನ್ನ ಸೇರ್ತಿತ್ತಾ? ಮಗಳು ಬಂದಿದ್ಲಾ? ಹತ್ರ ಯಾರಿದ್ರು? ಕೊನೆಗೆ, “ಹೋಗೋ ಹೊತ್ನಲ್ಲಿ ಏನಾದ್ರೂ ಅಂದ್ರಾ?” ಎಂದು ಕೇಳಿದಳು.

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಒಬ್ಬನಿಗೆಂದು ಎತ್ತಿಟ್ಟಿದ್ದು.

“ಹಿಂದಿನ ಸಂಜೆ, ನಾನು ಪಕ್ಕದಲ್ಲೇ ಕೂತಿದ್ದೆ. ‘ಪಾರ್ಕಿಗೆ ಹೋಗಿ, ಸಾವ್ಕಾರ್ರು ಕಾಯ್ತಿರ್ತಾರೆ’ ಅಂದ್ಲು. ನಾನು ಹೋಗ್ಲಿಲ್ಲ. ಆಮ್ಯಾಲೆ ಅವ್ಳು ಮಾತಾಡ್ಲಿಲ್ಲ.”

ಹೇಳಿ ಮುಗಿಯುವಷ್ಟರಲ್ಲಿ ಅವನು ಅಳುತ್ತಿದ್ದ. ಗಂಡಸು, ಎದುರಿಗೆ ಪರಾಯಿ ಹೆಂಗಸು, ಬಾಗಿಲಾಚೆ ಕೇರಿ ನೋಡುತ್ತಿದೆ ಎಂಬುದು ಯಾವುದೂ ನೆನಪಿಗೆ ಬಾರದೆ, ಹೆಂಡತಿ ಸತ್ತ ದಿನವೂ ಅಳದಷ್ಟು ಅತ್ತ. ಸಾವಿತ್ರಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಅವನ ಅಳು ತಾನಾಗಿ ತಗ್ಗಿದ ಮೇಲೆ, ಚಾಪೆಯ ಅಂಚನ್ನು ಬೆರಳಿನಿಂದ ತೀಡುತ್ತ ಹೇಳಿದಳು:

“ಅವತ್ತು ಅವ್ರು ನನ್ನ ಕರೆದ್ರು. ಹೆಂಗಸಿನ ಸಾವು, ನೀನೂ ಬಾ, ಇಬ್ರೂ ಹೋಗಾಣ ಅಂದ್ರು. ನಾನು ಆ ಕೇರಿಗೆ ಬರಲ್ಲ ಅಂದೆ. ಹೋದೋರು ನಮ್ಮನೆ ಒಳಿಕ್ಕೆ ಬರಂಗಿಲ್ಲ ಅಂತ್ಲೂ ಅಂದೆ. ಆದ್ರೂ ಹೊಂಟ್ರು. ಎಲ್ಲೀಗಂಟ ಬಂದ್ರೋ, ವಾಪಸ್ ಬಂದು ನಮ್ಮನೆ ಜಗಲಿ ಮ್ಯಾಲೆ ಕೂತ್ರು. ಉಣ್ಣಲಿಲ್ಲ. ನನ್ನ ಒಂದು ಮಾತೂ ಅನ್ಲಿಲ್ಲ. ನಾಕು ವರ್ಷ ಅನ್ಲಿಲ್ಲ.” ಅವಳು ತಲೆ ಎತ್ತಲಿಲ್ಲ. “ನೀವು ಬಂದ್ರಿ. ಮೆಟ್ಲು ಕೆಳಗೆ ನಿಂತಿದ್ರಿ. ಅವತ್ತಿಂದ ನಂಗೆ ನಿದ್ದೆ ಇಲ್ಲ.”

ಹನುಮಂತಯ್ಯ ಪರವಾಗಿಲ್ಲ ಎಂದರೆ ಸುಳ್ಳಾಗುತ್ತಿತ್ತು. ತಪ್ಪು ಮಾಡಿದಿರಿ ಎನ್ನಲು ಆ ಚಾಪೆಯ ಮೇಲೆ ಕೂತ ಹೆಂಗಸನ್ನು ನೋಡಿ ಮನಸ್ಸು ಬರಲಿಲ್ಲ. ಹೊರಗೆ ಯಾರದೋ ಕೋಳಿ ಕೂಗುತ್ತಿತ್ತು.

ಆಮೇಲೆ ಸಾವಿತ್ರಮ್ಮ ಮೊಣಕಾಲಿಗೆ ಕೈ ಊರಿ ಎದ್ದಳು. ಫೋಟೋದ ಕಡೆ ಒಮ್ಮೆ ಕೈ ಮುಗಿದಳು. ಕೊಡೆ ತೆಗೆದುಕೊಂಡು ಹೊಸ್ತಿಲು ದಾಟಿದಳು. ಹನುಮಂತಯ್ಯ ಬಾಗಿಲವರೆಗೆ ಬಂದ. ಮನೆಗೆ ಬಂದವರಿಗೆ ಹೇಳುವಂತೆ ಹೋಗಿ ಬನ್ನಿ ಎಂಬ ಮಾತು ಬಾಯಿಗೆ ಬಂದದ್ದನ್ನು ತಡೆದುಕೊಂಡ. ಅವಳು ಕೊಡೆ ಬಿಚ್ಚಿ, ನೀರಿನ ಟ್ಯಾಂಕಿನ ತಿರುವಿನವರೆಗೆ ನಡೆದುಹೋಗಿ ಮರೆಯಾದಳು. ಹಿಂದಿರುಗಿ ನೋಡಲಿಲ್ಲ, ಬತ್ತೀನಿ ಎಂದೂ ಅನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವವರು ಹಾಗೆ ಅನ್ನುವುದಿಲ್ಲ.